‘ಚಾನಲ್’ ಎಂದರೆ ಯಾವ ಚಾನಲ್? – ಒಂದು ಅಧ್ಯಯನ ಟಿಪ್ಪಣಿ

ಶಿವಮೊಗ್ಗದಲ್ಲಿ ‘ಚಾನಲ್ ಏರಿಯ ಮೇಲಿನ ರಸ್ತೆ’ ಎಂದರೆ ಯಾರೂ ಟಿ.ವಿ.ಯನ್ನು ನೆನೆಯುವುದಿಲ್ಲ, ಬಡಾವಣೆಗಳ ನಡುವೆ ಹಾದುಹೋಗುವ ತುಂಗಾ ನಾಲೆಯೇ ಕಣ್ಣ ಮುಂದೆ ಬರುತ್ತದೆ. ಅದೇ ಪದ ಜೀವಶಾಸ್ತ್ರದಲ್ಲಿ ಒಂದು ಪ್ರೋಟೀನಿನ ಹೆಸರು, ವಾಣಿಜ್ಯಶಾಸ್ತ್ರದಲ್ಲಿ ಮಧ್ಯವರ್ತಿಗಳ ಸರಣಿ, ಕಬ್ಬಿಣದ ಅಂಗಡಿಯಲ್ಲಿ ಒಂದು ಆಕಾರ. ಸಂವಹನ ಸಿದ್ಧಾಂತದಲ್ಲಂತೂ ಅದು ವಸ್ತುವೇ ಅಲ್ಲ, ಸಂಭವನೀಯತೆಗಳ ಒಂದು ಕೋಷ್ಟಕ. ನಮ್ಮ ಓದಿನ ಗುಂಪಿನಲ್ಲಿ ಸಿವಿಲ್, ಎಲೆಕ್ಟ್ರಾನಿಕ್ಸ್, ಜೀವಶಾಸ್ತ್ರ, ವಾಣಿಜ್ಯ ಓದುವವರೆಲ್ಲ ಒಂದೇ ಮೇಜಿನ ಸುತ್ತ ಕೂರುವುದರಿಂದ, ಒಬ್ಬರ ಚಾನಲ್ ಇನ್ನೊಬ್ಬರ ಚಾನಲ್ಲಿಗೆ ಅಡ್ಡ ಬರುತ್ತಲೇ ಇರುತ್ತದೆ. ವಿಷಯ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡಬೇಕೆಂದು ಈ ಟಿಪ್ಪಣಿ.

ಚಾನಲ್ ಎಂದ ಕೂಡಲೇ ‘ಇದರಲ್ಲಿ ಏನು ಹರಿಯುತ್ತದೆ’ ಎಂದು ಕೇಳುವುದು ಸಹಜ. ಆದರೆ ಅದಕ್ಕಿಂತ ಹೆಚ್ಚು ಫಲ ಕೊಡುವ ಪ್ರಶ್ನೆ ಬೇರೊಂದಿದೆ: ಈ ಚಾನಲ್ಲನ್ನು ಅದರ ಅಕ್ಕಪಕ್ಕದಿಂದ ಬೇರ್ಪಡಿಸಿರುವ ಗಡಿ ಯಾವುದು? ಗಡಿ ಕಲ್ಲು ಮಣ್ಣಿನದೇ, ಬರಿಯ ಒಪ್ಪಂದದ ಸಂಖ್ಯೆಯೇ, ವೋಲ್ಟೇಜ್ ಬಂದಾಗ ಮಾತ್ರ ಹುಟ್ಟುವಂಥದೇ ಎಂದು ತಿಳಿದರೆ ಆ ಕ್ಷೇತ್ರದ ಸೂತ್ರಗಳು ಹಾಗೇಕಿವೆ ಎಂಬುದು ಬಹಳಮಟ್ಟಿಗೆ ತಿಳಿಯುತ್ತದೆ. ಕೆಳಗಿನದನ್ನೆಲ್ಲ ಈ ಪ್ರಶ್ನೆಯನ್ನು ಹಿಡಿದೇ ಬರೆದಿದ್ದೇನೆ.

ನೀರಿನ ಚಾನಲ್

ತುಂಗೆಗೆ ಗಾಜನೂರಿನಲ್ಲಿ, ಭದ್ರೆಗೆ ಲಕ್ಕವಳ್ಳಿಯಲ್ಲಿ ಕಟ್ಟೆಗಳಿವೆ. ಎರಡೂ ಕಡೆ ಎಡದಂಡೆ, ಬಲದಂಡೆ ನಾಲೆಗಳು ಹೊರಡುತ್ತವೆ. ನದಿಗಿಂತ ನಾಲೆಯ ಇಳಿಜಾರು ಬಹಳ ಕಡಿಮೆ. ನದಿ ಬೇಗ ಕೆಳಗಿಳಿಯುತ್ತದೆ, ನಾಲೆ ನೆಲದ ಏರಿಳಿತಗಳ ಅಂಚನ್ನು ಹಿಡಿದು ನಿಧಾನವಾಗಿ ಇಳಿಯುತ್ತದೆ. ಹೀಗಾಗಿ ಮುಂದೆ ಮುಂದೆ ಹೋದಂತೆ ನಾಲೆ ನದಿಗಿಂತ ಎತ್ತರದಲ್ಲಿ ಉಳಿಯುತ್ತದೆ, ನಡುವಿನ ಗದ್ದೆಗಳಿಗೆ ತೂಬಿನಿಂದ ನೀರು ತಾನಾಗಿಯೇ ಇಳಿಯುತ್ತದೆ. ಅಚ್ಚುಕಟ್ಟು ಸಾಮಾನ್ಯವಾಗಿ ನಾಲೆಗಿಂತ ಕೆಳಗಿರುವುದು ಇದರಿಂದಲೇ. ಅಡಿಕೆ ತೋಟದ ಬಸಿಗಾಲುವೆಯೂ ಚಾನಲ್ಲೇ, ಆದರೆ ಅದರ ಕೆಲಸ ತಿರುಗುಮುರುಗು: ಅದು ನೀರನ್ನು ತರುವುದಿಲ್ಲ, ಬೇರಿನ ಬಳಿ ನಿಂತ ನೀರನ್ನು ಹೊರಗೆ ಸಾಗಿಸುತ್ತದೆ.

ಹೈಡ್ರಾಲಿಕ್ಸ್‌ನಲ್ಲಿ ‘ತೆರೆದ ಚಾನಲ್’ ಎಂಬುದರ ಲಕ್ಷಣ ಮೇಲೆ ಮುಚ್ಚಳವಿಲ್ಲದಿರುವುದಲ್ಲ. ನೀರಿನ ಮೇಲ್ಮೈ ವಾತಾವರಣದ ಒತ್ತಡಕ್ಕೆ ತೆರೆದುಕೊಂಡಿದ್ದರೆ ಅದು ತೆರೆದ ಚಾನಲ್. ಆದ್ದರಿಂದ ಅರ್ಧ ತುಂಬಿ ಹರಿಯುವ ಚರಂಡಿ ಪೈಪು ತೆರೆದ ಚಾನಲ್, ಪೂರ್ತಿ ತುಂಬಿ ಒತ್ತಡದಲ್ಲಿ ಹರಿದರೆ ಅಲ್ಲ. ಶರಾವತಿ ಯೋಜನೆಯಲ್ಲಿ ಎರಡೂ ಒಂದರ ಹಿಂದೊಂದು ಸಿಗುತ್ತವೆ: ಲಿಂಗನಮಕ್ಕಿಯಿಂದ ತಳಕಳಲೆ ಸಮತೋಲನ ಜಲಾಶಯಕ್ಕೆ ನೀರು ಸುಮಾರು 4 ಕಿಲೋಮೀಟರ್ ಉದ್ದದ ತೆರೆದ ಚಾನಲ್ಲಿನಲ್ಲಿ ಬರುತ್ತದೆ, ತಳಕಳಲೆಯ ನೀರು ಕೊನೆಗೆ ಪೆನ್‌ಸ್ಟಾಕ್ ಕೊಳವೆಗಳಲ್ಲಿ ಒತ್ತಡದೊಡನೆ ಇಳಿದು 10 ಘಟಕಗಳ, 1035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಮೊದಲ ಭಾಗಕ್ಕೆ ಮ್ಯಾನಿಂಗ್ ಸೂತ್ರ, ಎರಡನೆಯದಕ್ಕೆ ಪೈಪಿನ ಸೂತ್ರ. ಅದಲು ಬದಲು ಮಾಡುವಂತಿಲ್ಲ.

ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರದ ಈಗಿನ ರೂಪ ಹೀಗಿದೆ: ವೇಗ = (1 ÷ ಒರಟುತನದ ಅಂಕ) × (ಹೈಡ್ರಾಲಿಕ್ ತ್ರಿಜ್ಯದ 2/3ನೆಯ ಘಾತ) × (ಇಳಿಜಾರಿನ ವರ್ಗಮೂಲ). ‘ಹೈಡ್ರಾಲಿಕ್ ತ್ರಿಜ್ಯ’ ಯಾವ ವೃತ್ತದ ತ್ರಿಜ್ಯವೂ ಅಲ್ಲ. ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು, ನೀರು ತಾಗಿರುವ ಗೋಡೆ ಮತ್ತು ತಳದ ಒಟ್ಟು ಉದ್ದದಿಂದ ಭಾಗಿಸಿದರೆ ಸಿಗುವ ಅಳತೆ ಅದು. ಮೇಲ್ಮೈಯನ್ನು ಲೆಕ್ಕಕ್ಕೆ ಸೇರಿಸಬಾರದು, ಏಕೆಂದರೆ ಗಾಳಿ ನೀರನ್ನು ಹೆಚ್ಚು ತಡೆಯುವುದಿಲ್ಲ, ತಡೆಯುವುದು ಗೋಡೆ. ಗಡಿಯ ಪ್ರಶ್ನೆ ಇಲ್ಲಿ ನೇರವಾಗಿ ಸೂತ್ರದೊಳಗೆ ಬಂದು ಕೂತಿದೆ.

ಒಂದು ಮೀಟರ್ ಅಗಲದ, ಅರ್ಧ ಮೀಟರ್ ನೀರಿರುವ ಆಯತಾಕಾರದ ಕಾಂಕ್ರೀಟ್ ಕಾಲುವೆಯನ್ನು ತೆಗೆದುಕೊಳ್ಳೋಣ. ಇಳಿಜಾರು ಸಾವಿರಕ್ಕೆ ಒಂದು, ಒರಟುತನದ ಅಂಕ 0.015 ಎಂದಿರಲಿ. ವಿಸ್ತೀರ್ಣ 0.5 ಚದರ ಮೀಟರ್, ತಾಗಿರುವ ಉದ್ದ 1 + 0.5 + 0.5 = 2 ಮೀಟರ್, ಹೈಡ್ರಾಲಿಕ್ ತ್ರಿಜ್ಯ 0.25 ಮೀಟರ್, ವೇಗ ಸೆಕೆಂಡಿಗೆ ಸುಮಾರು 0.84 ಮೀಟರ್ ಬರುತ್ತದೆ. ಅದೇ ವಿಸ್ತೀರ್ಣವನ್ನು ಎರಡು ಮೀಟರ್ ಅಗಲ, ಕಾಲು ಮೀಟರ್ ಆಳವಾಗಿ ಹರಡಿದರೆ ತಾಗಿರುವ ಉದ್ದ 2.5 ಮೀಟರ್ ಆಗಿ, ವೇಗ 0.72ಕ್ಕೆ ಇಳಿಯುತ್ತದೆ. ಮೊದಲಿನ ಕಾಲುವೆಯಲ್ಲೇ ಕಾಂಕ್ರೀಟ್ ಕಿತ್ತು ಹುಲ್ಲು ಬೆಳೆದು ಒರಟುತನ 0.025 ಆದರೆ ವೇಗ 0.50. ನಾಲೆಯ ಕೊನೆಯ ಭಾಗಕ್ಕೆ ನೀರು ತಲುಪುತ್ತಿಲ್ಲ ಎಂದು ರೈತರು ಹೇಳಿದಾಗ ನೀರು ಬಿಡುವ ಸೌಡಿಯೂ ಎಂಜಿನಿಯರೂ ಮೊದಲು ಹೂಳನ್ನೂ ಕಳೆಯನ್ನೂ ನೋಡುವುದರ ಹಿಂದೆ ಇರುವ ಲೆಕ್ಕ ಇದೇ.

ಭೂಗೋಳದ ಚಾನಲ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎರಡು ನೆಲಗಳ ನಡುವಿನ ಅಗಲವಾದ ಸಮುದ್ರದ ಹಾದಿ ಅದು. ಅಂಡಮಾನ್ ಮತ್ತು ನಿಕೋಬಾರ್ ನಡುವೆ ಹತ್ತು ಡಿಗ್ರಿ ಚಾನಲ್, ಮಿನಿಕಾಯ್ ಮತ್ತು ಉಳಿದ ಲಕ್ಷದ್ವೀಪದ ನಡುವೆ ಒಂಬತ್ತು ಡಿಗ್ರಿ ಚಾನಲ್, ಮಿನಿಕಾಯ್ ಮತ್ತು ಮಾಲ್ಡೀವ್ಸ್ ನಡುವೆ ಎಂಟು ಡಿಗ್ರಿ ಚಾನಲ್, ಹೆಸರಿನಲ್ಲಿರುವುದು ಅಕ್ಷಾಂಶ. ಮಿಹಿರ್ ಸೇನ್ 1958ರಲ್ಲಿ ಈಜಿ ದಾಟಿದ್ದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಚಾನಲ್. ಸ್ಪರ್ಧಾ ಪರೀಕ್ಷೆಗೆ ಇಷ್ಟು ಸಾಕು.

ಸಂಖ್ಯೆಯೇ ಗಡಿಯಾದ ಚಾನಲ್

ಆಕಾಶವಾಣಿ ಭದ್ರಾವತಿ ಮಧ್ಯಮ ತರಂಗದಲ್ಲಿ 675 ಕಿಲೋಹರ್ಟ್ಸ್‌ನಲ್ಲಿ ಸಿಗುತ್ತದೆ. ನಮ್ಮ ಭಾಗದ ಜಗತ್ತಿನಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂರಿಸಲಾಗಿದೆ. 675 ಎಂಬುದು 9ರ 75 ಪಟ್ಟು ಆಗಿರುವುದು ಅದಕ್ಕೇ. ಧ್ವನಿಯ ಕಂಪನಗಳು ವಾಹಕ ತರಂಗದ ಎರಡೂ ಬದಿಗೆ ಹರಡಿಕೊಳ್ಳುವುದರಿಂದ, ಒಂದು ಕೇಂದ್ರಕ್ಕೆ ಸಿಕ್ಕ ಜಾಗ 670.5ರಿಂದ 679.5ರವರೆಗೆ. ಈ ಎರಡು ಸಂಖ್ಯೆಗಳ ನಡುವೆ ಗಾಳಿಯಲ್ಲಿ ಯಾವ ಗೋಡೆಯೂ ಇಲ್ಲ. ಎಲ್ಲ ಕೇಂದ್ರಗಳ ತರಂಗಗಳೂ ಒಂದೇ ಆಕಾಶದಲ್ಲಿ, ಒಂದೇ ಆಂಟೆನಾಕ್ಕೆ ಒಟ್ಟಿಗೇ ಬಂದು ಬೀಳುತ್ತವೆ. ಬೇರ್ಪಡಿಸುವ ಕೆಲಸ ರೇಡಿಯೋದೊಳಗಿನ ಫಿಲ್ಟರಿನದು. ಆದ್ದರಿಂದ ಇಲ್ಲಿ ಚಾನಲ್ ಎಂದರೆ ದಾರಿಯಲ್ಲ, ಎಲ್ಲರದೂ ಆದ ಒಂದು ಮಾಧ್ಯಮದಲ್ಲಿ ಒಪ್ಪಂದದಿಂದ ಗೆರೆ ಹಾಕಿಕೊಂಡ ಪಾಲು.

ಗೆರೆ ಒಪ್ಪಂದದ್ದಾದಾಗ ಏನಾಗಬಹುದು ಎಂಬುದಕ್ಕೆ ವೈಫೈ ಒಳ್ಳೆಯ ಉದಾಹರಣೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಭಾರತದಲ್ಲಿ 1ರಿಂದ 13ರವರೆಗೆ ಚಾನಲ್ ಸಂಖ್ಯೆಗಳಿವೆ. 13 ಸಂಖ್ಯೆಗಳಿದ್ದ ಮಾತ್ರಕ್ಕೆ 13 ಬೇರೆ ಬೇರೆ ಚಾನಲ್‌ಗಳಿವೆ ಎಂದು ತಿಳಿಯಬಾರದು. ಚಾನಲ್ಲಿನ ಮಧ್ಯದ ಆವರ್ತನ ಬೇಕಾದರೆ 2407ಕ್ಕೆ ಚಾನಲ್ ಸಂಖ್ಯೆಯ ಐದು ಪಟ್ಟನ್ನು ಕೂಡಿದರೆ ಮೆಗಾಹರ್ಟ್ಸ್‌ನಲ್ಲಿ ಉತ್ತರ ಬರುತ್ತದೆ: ಒಂದನೆಯದು 2412, ಆರನೆಯದು 2437, ಹನ್ನೊಂದನೆಯದು 2462. ಮಧ್ಯಬಿಂದುಗಳು 5 ಮೆಗಾಹರ್ಟ್ಸ್‌ಗೊಂದರಂತೆ ಇದ್ದರೂ ಪ್ರತಿಯೊಂದು ಪ್ರಸಾರ ಸುಮಾರು 20 ಮೆಗಾಹರ್ಟ್ಸ್ ಅಗಲ ಹರಡುತ್ತದೆ. ಹೀಗಾಗಿ ಒಂದರ ಮೇಲೊಂದು ಬೀಳದ ಮೂರರ ಗುಂಪಾಗಿ ಸಾಮಾನ್ಯವಾಗಿ 1, 6, 11ನ್ನು ಆರಿಸುತ್ತಾರೆ.

ಬಾಡಿಗೆ ಕಟ್ಟಡದಲ್ಲಿ ಒಬ್ಬರ ರೂಟರ್ 1ರಲ್ಲಿ, ಇನ್ನೊಬ್ಬರದು 6ರಲ್ಲಿ ಇದ್ದರೆ, ಮೂರನೆಯವರು ‘ಇಬ್ಬರಿಗೂ ತೊಂದರೆ ಬೇಡ’ ಎಂದು ನಡುವಿನ 3ನ್ನು ಆರಿಸಿಕೊಳ್ಳುವುದು ಸಹಜವಾಗಿ ಕಂಡರೂ ಅದು ಕೆಟ್ಟ ಆಯ್ಕೆ. ಒಂದೇ ಚಾನಲ್ಲಿನಲ್ಲಿರುವ ರೂಟರ್‌ಗಳು ಪರಸ್ಪರರ ಸಂಕೇತವನ್ನು ಗುರುತಿಸಿ ಸರದಿಯಂತೆ ಮಾತನಾಡುತ್ತವೆ. ವೇಗ ಹಂಚಿಹೋಗುತ್ತದೆ, ಆದರೆ ಮಾತು ಕೆಡುವುದು ಕಡಿಮೆ. ಅರ್ಧಂಬರ್ಧ ಮೇಲೆ ಬಿದ್ದ ಚಾನಲ್‌ನಲ್ಲಿರುವ ರೂಟರ್‌ಗೆ ಇನ್ನೊಂದರ ಸಂಕೇತ ಓದಲು ಬರುವುದಿಲ್ಲ, ಅದು ಬರಿಯ ಗದ್ದಲವಾಗಿ ಬಂದು ಎರಡನ್ನೂ ಕೆಡಿಸುತ್ತದೆ. 3ಕ್ಕೆ ಹೋಗುವ ಬದಲು 11 ಖಾಲಿ ಇದೆಯೇ ನೋಡಬೇಕು. ಇಲ್ಲದಿದ್ದರೆ 1ರಲ್ಲೋ 6ರಲ್ಲೋ ಹಂಚಿಕೊಳ್ಳುವುದೇ ಲೇಸು.

ಡಿಟಿಎಚ್‌ನಲ್ಲಿ ರಿಮೋಟಿನಿಂದ ಒತ್ತುವ ಚಾನಲ್ ಸಂಖ್ಯೆ ಆವರ್ತನವೂ ಅಲ್ಲ, ಬರಿಯ ಪಟ್ಟಿಯ ಕ್ರಮಸಂಖ್ಯೆ. ಉಪಗ್ರಹದ ಒಂದೇ ಟ್ರಾನ್ಸ್‌ಪಾಂಡರ್ (ಸಂಕೇತವನ್ನು ಪಡೆದು ಮತ್ತೆ ಕೆಳಗೆ ಕಳಿಸುವ ಸಾಧನ) ಹಲವು ಟಿ.ವಿ. ಚಾನಲ್‌ಗಳನ್ನು ಒತ್ತಾಗಿ ಕಟ್ಟಿ ಕಳಿಸುತ್ತದೆ. ಚಿತ್ರಗಳ ಬಣ್ಣದ ಚಾನಲ್ ಕೂಡ ಇದೇ ಜಾತಿಯದು: ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳು, ಒಂದೊಂದಕ್ಕೂ 256 ಮಟ್ಟ, ಒಟ್ಟು 1,67,77,216 ಬಣ್ಣ. ನಾಲ್ಕನೆಯದಾದ ಆಲ್ಫಾ ಚಾನಲ್ ಬಣ್ಣವಲ್ಲ, ಆ ಚುಕ್ಕೆ ಎಷ್ಟು ಪಾರದರ್ಶಕ ಎಂಬುದರ ಲೆಕ್ಕ.

ಶ್ಯಾನನ್ನನ ಚಾನಲ್

ಈ ಭಾಗವನ್ನು ನಿಧಾನವಾಗಿ ಓದಬೇಕು. ಬೆಲ್ ಪ್ರಯೋಗಾಲಯದ ಕ್ಲಾಡ್ ಶ್ಯಾನನ್ 1948ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಚಾನಲ್ ತಂತಿಯೂ ಅಲ್ಲ, ಗಾಳಿಯೂ ಅಲ್ಲ, ಆವರ್ತನದ ಪಾಲೂ ಅಲ್ಲ. ಈ ಕಡೆಯಿಂದ ಒಂದು ಚಿಹ್ನೆ ಹಾಕಿದರೆ ಆ ಕಡೆ ಯಾವ ಯಾವ ಚಿಹ್ನೆ ಎಷ್ಟೆಷ್ಟು ಸಂಭವನೀಯತೆಯಿಂದ ಹೊರಬರುತ್ತದೆ ಎಂಬ ಕೋಷ್ಟಕವೇ ಚಾನಲ್. ಕೋಷ್ಟಕ ಒಂದೇ ಆಗಿದ್ದರೆ, ಅದರ ಹಿಂದೆ ಇರುವುದು ಟೆಲಿಫೋನ್ ತಂತಿಯಾಗಲಿ, ಹಳೆಯ ಹಾರ್ಡ್‌ಡಿಸ್ಕ್ ಆಗಲಿ, ಈ ಸಿದ್ಧಾಂತಕ್ಕೆ ಅವೆರಡೂ ಒಂದೇ ಚಾನಲ್.

ಅತಿ ಸರಳವಾದ ಕೋಷ್ಟಕವನ್ನು ನೋಡೋಣ. 0 ಅಥವಾ 1 ಕಳಿಸುತ್ತೇವೆ, ಇಂಥ ಒಂದೊಂದಕ್ಕೂ ಬಿಟ್ ಎಂದು ಹೆಸರು. ಹತ್ತರಲ್ಲಿ ಒಂದು ಬಾರಿ, ಅಂದರೆ 0.1 ಸಂಭವನೀಯತೆಯಿಂದ, ಅದು ತಲೆಕೆಳಗಾಗಿ ತಲುಪುತ್ತದೆ. ಈ ಚಾನಲ್ಲಿನ ಸಾಮರ್ಥ್ಯ ಎಷ್ಟು, ಅಂದರೆ ಕಳಿಸಿದ ಒಂದು ಬಿಟ್‌ಗೆ ಎಷ್ಟು ಬಿಟ್ ಸಂದೇಶವನ್ನು ನೆಚ್ಚುವಂತೆ ದಾಟಿಸಬಹುದು? ‘ಹತ್ತರಲ್ಲಿ ಒಂಬತ್ತು ಸರಿಯಾಗಿ ತಲುಪುತ್ತವೆ, ಆದ್ದರಿಂದ 0.9’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಸರಿಯಾದ ಉತ್ತರ 0.53. ಪುಸ್ತಕದ ಸೂತ್ರಕ್ಕೆ ಸಂಖ್ಯೆ ಹಾಕಿದರೆ ಇದು ಬಂದುಬಿಡುತ್ತದೆ, ಆದರೆ ಏಕೆ ಎಂಬುದು ಬರುವುದಿಲ್ಲ.

ಕಾರಣ ಇಷ್ಟು: ತಪ್ಪಿದ ಬಿಟ್ ಯಾವುದೆಂದು ಪಡೆಯುವವನಿಗೆ ಗೊತ್ತಿಲ್ಲ. ಸಾವಿರ ಬಿಟ್ ಕಳಿಸಿದೆವೆನ್ನಿ. ಸುಮಾರು ನೂರು ತಲೆಕೆಳಗಾಗಿವೆ. ಯಾವ ಸ್ಥಾನಗಳಲ್ಲಿ ತಪ್ಪಿದೆ ಎಂದು ದೇವರೇ ಬಂದು ಪಡೆಯುವವನಿಗೆ ಹೇಳಬೇಕೆಂದಿದ್ದರೆ, ಅದನ್ನು ಹೇಳುವುದಕ್ಕೇ ಸರಾಸರಿ 469 ಬಿಟ್ ಮಾಹಿತಿ ಬೇಕು, ಏಕೆಂದರೆ ನೂರರಷ್ಟು ತಪ್ಪುಗಳು ಸಾವಿರ ಸ್ಥಾನಗಳಲ್ಲಿ ಕೂರಬಹುದಾದ ಬಗೆಗಳು ಅಷ್ಟೊಂದಿವೆ. ಆ ದೇವರ ಕೆಲಸವನ್ನು ನಮ್ಮ ಸಾವಿರ ಬಿಟ್‌ಗಳೇ ಮಾಡಬೇಕು. ಅದಕ್ಕಾಗಿ 469 ಬಿಟ್‌ಗಳಷ್ಟು ಜಾಗವನ್ನು ತಪ್ಪು ಹಿಡಿಯಲು ಮೀಸಲಿಟ್ಟರೆ, ನಿಜವಾದ ಸಂದೇಶಕ್ಕೆ ಉಳಿಯುವುದು 531. ಸಾವಿರಕ್ಕೆ 531, ಅಂದರೆ 0.53.

ಇದನ್ನು ಇನ್ನೊಂದು ಚಾನಲ್ಲಿನ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಗಟ್ಟಿಯಾಗುತ್ತದೆ. ಹತ್ತರಲ್ಲೊಂದು ಬಿಟ್ ತಲೆಕೆಳಗಾಗುವ ಬದಲು ಅಳಿಸಿಹೋಗಿ, ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ತಲುಪುತ್ತದೆ ಎಂದಿಟ್ಟುಕೊಳ್ಳಿ. ಆಗ ಎಲ್ಲಿ ಕೆಟ್ಟಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ, ಸಾಮರ್ಥ್ಯ ನಿಜಕ್ಕೂ 0.9 ಆಗುತ್ತದೆ. ನಾಲಿಗೆಯ ತುದಿಯಲ್ಲಿದ್ದ ಉತ್ತರ ಈ ಚಾನಲ್ಲಿಗೆ ಸರಿ, ಆ ಚಾನಲ್ಲಿಗೆ ತಪ್ಪು. ಇನ್ನೂ ಒಂದು ಹೆಜ್ಜೆ: ತಲೆಕೆಳಗಾಗುವ ಸಂಭವನೀಯತೆ 0.5 ಆದರೆ ಸಾಮರ್ಥ್ಯ ಸೊನ್ನೆ, ಏಕೆಂದರೆ ತಲುಪಿದ್ದಕ್ಕೂ ಕಳಿಸಿದ್ದಕ್ಕೂ ಸಂಬಂಧವೇ ಇಲ್ಲ. ಸಂಭವನೀಯತೆ 1 ಆದರೆ ಸಾಮರ್ಥ್ಯ ಮತ್ತೆ 1! ಪ್ರತಿ ಬಿಟ್ಟೂ ತಪ್ಪದೆ ತಲೆಕೆಳಗಾಗುತ್ತದೆ ಎಂದು ಗೊತ್ತಿದ್ದರೆ ಎಲ್ಲವನ್ನೂ ತಿರುಗಿಸಿ ಓದಿಕೊಂಡರಾಯಿತು. ಈ ಸಿದ್ಧಾಂತದಲ್ಲಿ ಕೇಡು ಇರುವುದು ತಪ್ಪಿನಲ್ಲಲ್ಲ, ಅನಿಶ್ಚಿತತೆಯಲ್ಲಿ.

ಗದ್ದಲವಿರುವ ಅನಲಾಗ್ ಚಾನಲ್ಲಿಗೆ ಸೂತ್ರ ಬೇರೆ: ಸಾಮರ್ಥ್ಯ = ಆವರ್ತನದ ಅಗಲ × (1 + ಸಂಕೇತ ಮತ್ತು ಗದ್ದಲದ ಅನುಪಾತ) ಇದರ ಎರಡರ ಆಧಾರದ ಲಾಗರಿದಮ್. ಇಲ್ಲಿ ಎಡವುವ ಜಾಗ ಡೆಸಿಬೆಲ್. ಪ್ರಶ್ನೆಯಲ್ಲಿ ಅನುಪಾತವನ್ನು ‘30 ಡೆಸಿಬೆಲ್’ ಎಂದು ಕೊಟ್ಟಿರುತ್ತಾರೆ. ಆ 30ನ್ನು ನೇರವಾಗಿ ಸೂತ್ರಕ್ಕೆ ಹಾಕಬಾರದು. ಅದನ್ನು 10ರಿಂದ ಭಾಗಿಸಿ, ಬಂದದ್ದನ್ನು ಹತ್ತರ ಘಾತವಾಗಿಟ್ಟರೆ ಅನುಪಾತ 1000 ಸಿಗುತ್ತದೆ. ಹಳೆಯ ಟೆಲಿಫೋನ್ ಮಾತಿನ ಅಗಲ 300ರಿಂದ 3400 ಹರ್ಟ್ಸ್‌ವರೆಗೆ, ಅಂದರೆ 3100; 1001ರ ಎರಡರ ಆಧಾರದ ಲಾಗರಿದಮ್ 9.97, ಗುಣಿಸಿದರೆ ಸೆಕೆಂಡಿಗೆ ಸುಮಾರು 30,900 ಬಿಟ್.

ನನಗೆ ತುಂಬ ಮೆಚ್ಚಿಗೆಯಾದ ಅಡ್ಡದಾರಿ ಇಲ್ಲಿದೆ. ಅನುಪಾತ ಎರಡು ಪಟ್ಟಾದರೆ ಡೆಸಿಬೆಲ್ 3 ಹೆಚ್ಚುತ್ತದೆ. ಅನುಪಾತ ಎರಡು ಪಟ್ಟಾದರೆ ಎರಡರ ಆಧಾರದ ಲಾಗರಿದಮ್ 1 ಹೆಚ್ಚುತ್ತದೆ. ಅಂದಮೇಲೆ ಡೆಸಿಬೆಲ್ಲನ್ನು 3ರಿಂದ ಭಾಗಿಸಿದರೆ ಒಂದು ಹರ್ಟ್ಸ್‌ಗೆ ಸೆಕೆಂಡಿಗೆ ಎಷ್ಟು ಬಿಟ್ ಎಂಬುದು ಕ್ಯಾಲ್ಕುಲೇಟರ್ ಇಲ್ಲದೆ ಬರುತ್ತದೆ: 30 ÷ 3 = 10, ಹತ್ತು ಗುಣಿಸು 3100 ಎಂದರೆ 31,000. ಬಹುಆಯ್ಕೆಯ ಪ್ರಶ್ನೆಗೆ ಇದು ಧಾರಾಳವಾಗಿ ಸಾಕು. ಆದರೆ ಅನುಪಾತ ಸಣ್ಣದಾದಾಗ ಸೂತ್ರದೊಳಗಿನ ಆ 1 ಮುಖ್ಯವಾಗುತ್ತದೆ. 0 ಡೆಸಿಬೆಲ್ ಎಂದರೆ ಅನುಪಾತ 1. ನಿಜವಾದ ಉತ್ತರ 1 ಬಿಟ್, ಅಡ್ಡದಾರಿ ಕೊಡುವುದು ಸೊನ್ನೆ. 10 ಡೆಸಿಬೆಲ್ಲಿಗಿಂತ ಕೆಳಗೆ ಇದನ್ನು ನೆಚ್ಚಬಾರದು.

ಮಲೆನಾಡಿನ ಮಳೆಗಾಲದಲ್ಲಿ ಈ ಸೂತ್ರ ಮನೆಯೊಳಗೇ ಕಾಣುತ್ತದೆ. ಡಿಟಿಎಚ್ ಸಂಕೇತ ಸುಮಾರು 11–12 ಗಿಗಾಹರ್ಟ್ಸ್‌ನಲ್ಲಿ ಬರುತ್ತದೆ, ಅದರ ತರಂಗಾಂತರ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ಹೀರಿ ಚದುರಿಸುತ್ತದೆ. ಲೆಕ್ಕಕ್ಕೆಂದು 36 ಮೆಗಾಹರ್ಟ್ಸ್ ಅಗಲದ ಟ್ರಾನ್ಸ್‌ಪಾಂಡರಿನಲ್ಲಿ ಸೆಕೆಂಡಿಗೆ 90 ಮೆಗಾಬಿಟ್ ಕಳಿಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಬಾನು ತಿಳಿಯಾಗಿದ್ದು ಅನುಪಾತ 12 ಡೆಸಿಬೆಲ್ ಇದ್ದಾಗ ಸಾಮರ್ಥ್ಯ ಸುಮಾರು 147 ಮೆಗಾಬಿಟ್, ಏನೂ ತೊಂದರೆಯಿಲ್ಲ. ಮಳೆ ಜೋರಾಗಿ 6 ಡೆಸಿಬೆಲ್ಲಿಗೆ ಇಳಿದರೆ ಸಾಮರ್ಥ್ಯ 83 ಮೆಗಾಬಿಟ್, ಕಳಿಸುತ್ತಿರುವುದಕ್ಕಿಂತ ಕಡಿಮೆ. ಸಾಮರ್ಥ್ಯದ ಒಳಗಿರುವ ವೇಗದಲ್ಲಿ ತಪ್ಪುಗಳನ್ನು ಬೇಕಾದಷ್ಟು ಕಡಿಮೆ ಮಾಡಬಹುದು, ಅದನ್ನು ಮೀರಿದರೆ ಸಾಧ್ಯವೇ ಇಲ್ಲ ಎಂಬುದು ಶ್ಯಾನನ್ನನ ಪ್ರಮೇಯ. ಹಳೆಯ ಆಂಟೆನಾ ಟಿ.ವಿ.ಯಲ್ಲಿ ಚಿತ್ರ ಮೆಲ್ಲಗೆ ಮಸುಕಾಗುತ್ತಿತ್ತು. ಡಿಟಿಎಚ್‌ನಲ್ಲಿ ಚೆನ್ನಾಗಿದ್ದ ಚಿತ್ರ ಒಮ್ಮೆಗೇ ಚೌಕಚೌಕವಾಗಿ ಒಡೆದು ನಿಂತುಬಿಡುವುದು ಈ ಗೆರೆಯನ್ನು ದಾಟಿದ್ದರಿಂದ.

ವೋಲ್ಟೇಜ್ ಬಂದರೆ ಮಾತ್ರ ಇರುವ ಚಾನಲ್

ಮಾಸ್‌ಫೆಟ್ ಟ್ರಾನ್ಸಿಸ್ಟರನ್ನು ಬೆಲ್ ಪ್ರಯೋಗಾಲಯದಲ್ಲಿ ಮೊಹಮದ್ ಅಟಾಲ ಮತ್ತು ಡಾವನ್ ಕಾಂಗ್ 1959ರಲ್ಲಿ ರೂಪಿಸಿದರು. ಇದರಲ್ಲಿ ವಿದ್ಯುತ್ ಕಣಗಳು ಹೊರಡುವ ಸೋರ್ಸ್ ಮತ್ತು ಹೋಗಿ ಸೇರುವ ಡ್ರೈನ್ ನಡುವಿನ ದಾರಿಯೇ ಚಾನಲ್. ‘ಎನ್ ಚಾನಲ್’ ಸಾಧನದ ಒಡಲು ‘ಪಿ’ ಬಗೆಯ (ಹೋಲ್‌ಗಳು, ಅಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು ಹೆಚ್ಚಿರುವ) ಸಿಲಿಕಾನ್ ಆಗಿರುವುದು ಗೊಂದಲ ಹುಟ್ಟಿಸುತ್ತದೆ. ಹರಿವನ್ನು ನಿಯಂತ್ರಿಸುವ ತುದಿಯಾದ ಗೇಟಿಗೆ ಧನ ವೋಲ್ಟೇಜ್ ಕೊಟ್ಟಾಗ ಮೇಲ್ಮೈಯಿಂದ ಹೋಲ್‌ಗಳು ದೂರ ಸರಿದು, ಎಲೆಕ್ಟ್ರಾನ್‌ಗಳು ಬಂದು ಸೇರುತ್ತವೆ. ವೋಲ್ಟೇಜ್ ಒಂದು ಹೊಸ್ತಿಲನ್ನು ದಾಟಿದ ಮೇಲೆ ಆ ತೆಳುವಾದ ಪದರದಲ್ಲಿ ಎಲೆಕ್ಟ್ರಾನ್‌ಗಳೇ ಮೇಲುಗೈಯಾಗಿ, ‘ಪಿ’ ಒಡಲಿನ ಮೇಲ್ಮೈ ‘ಎನ್’ನಂತೆ ವರ್ತಿಸುತ್ತದೆ. ಹೆಸರಿರುವುದು ಒಡಲಿಗಲ್ಲ, ಹೀಗೆ ಹುಟ್ಟಿದ ಪದರಕ್ಕೆ. ವೋಲ್ಟೇಜ್ ತೆಗೆದರೆ ಚಾನಲ್ ಮುಚ್ಚುವುದಲ್ಲ, ಇಲ್ಲವಾಗುತ್ತದೆ. ಇದು ಎನ್‌ಹಾನ್ಸ್‌ಮೆಂಟ್ ಬಗೆಯ ಮಾತು. ಡಿಪ್ಲಿಶನ್ ಬಗೆಯಲ್ಲಿ ಚಾನಲ್ ಮೊದಲೇ ಇರುತ್ತದೆ, ಗೇಟು ಅದನ್ನು ಅಳಿಸುತ್ತದೆ.

ಜೀವಕೋಶದ ಪೊರೆಯಲ್ಲಿ

ನರಕೋಶದಲ್ಲಿ ಸಂಕೇತ ಹೇಗೆ ಸಾಗುತ್ತದೆ ಎಂಬುದನ್ನು ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸಮೀಕರಣಗಳಲ್ಲಿ ಕೊಟ್ಟರು. ಅಯಾನ್‌ಗಳು, ಅಂದರೆ ವಿದ್ಯುದಾವೇಶವುಳ್ಳ ಪರಮಾಣುಗಳು, ದಾಟುವ ಒಂದೇ ಒಂದು ಅಯಾನ್ ಚಾನಲ್ ತೆರೆದು ಮುಚ್ಚುವ ವಿದ್ಯುತ್ತನ್ನು ನೇಹರ್ ಮತ್ತು ಸಾಕ್‌ಮನ್ 1976ರಲ್ಲಿ ಅಳೆದರು. ಅದಕ್ಕೆ 1991ರ ನೊಬೆಲ್. ಚಾನಲ್ ಮತ್ತು ಪಂಪ್ ಬೇರೆ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಚಾನಲ್ ತೆರೆದರೆ ಅಯಾನ್‌ಗಳು ತಮ್ಮ ಇಳಿಜಾರಿನಲ್ಲಿ ತಾವೇ ಹರಿಯುತ್ತವೆ, ಸೆಕೆಂಡಿಗೆ ಕೋಟಿಗಟ್ಟಲೆ. ಪಂಪ್ ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಅವನ್ನು ಇಳಿಜಾರಿಗೆ ಎದುರಾಗಿ ಏರಿಸುತ್ತದೆ, ಬಹಳ ನಿಧಾನವಾಗಿ.

ಇನ್ನು ಕಠಿಣವಾದ ಪ್ರಶ್ನೆ. ಪೊಟ್ಯಾಸಿಯಮ್ ಅಯಾನಿನ ತ್ರಿಜ್ಯ 1.33 ಆಂಗ್‌ಸ್ಟ್ರಾಮ್, ಸೋಡಿಯಮ್ಮಿನದು 0.95. ಪೊಟ್ಯಾಸಿಯಮ್ ಚಾನಲ್ ದೊಡ್ಡದನ್ನು ಬಿಡುತ್ತದೆ, ಚಿಕ್ಕದನ್ನು ತಡೆಯುತ್ತದೆ. ಜರಡಿಯ ತರ್ಕ ಇಲ್ಲಿ ನಡೆಯುವುದಿಲ್ಲ. ನೀರಿನಲ್ಲಿ ಅಯಾನ್ ಒಂಟಿಯಾಗಿರುವುದಿಲ್ಲ, ಸುತ್ತಲೂ ನೀರಿನ ಅಣುಗಳನ್ನು ಕಟ್ಟಿಕೊಂಡಿರುತ್ತದೆ. ಚಾನಲ್ಲಿನ ಕಿರಿದಾದ ಭಾಗವನ್ನು ಹೊಗಬೇಕಾದರೆ ಆ ನೀರನ್ನು ಕಳಚಬೇಕು, ಕಳಚುವುದಕ್ಕೆ ಶಕ್ತಿ ಬೇಕು. ಆ ಭಾಗದ ಗೋಡೆಯಲ್ಲಿ ಆಕ್ಸಿಜನ್ ಪರಮಾಣುಗಳು ಸಾಲಾಗಿ ಒಳಮುಖವಾಗಿ ನಿಂತಿವೆ. ನೀರು ಕಳಚಿದ ಪೊಟ್ಯಾಸಿಯಮ್ ಅವುಗಳ ನಡುವೆ ಸರಿಯಾಗಿ ಕೂರುವುದರಿಂದ, ಕಳಚಲು ಕೊಟ್ಟ ಶಕ್ತಿ ಅಲ್ಲಿ ಮರಳಿ ಸಿಗುತ್ತದೆ. ಸೋಡಿಯಮ್ ಚಿಕ್ಕದಾದ್ದರಿಂದ ಎಲ್ಲ ಆಕ್ಸಿಜನ್‌ಗಳನ್ನೂ ಒಟ್ಟಿಗೆ ಮುಟ್ಟಲಾರದು. ನೀರನ್ನು ಬಿಟ್ಟ ನಷ್ಟ ತುಂಬುವುದಿಲ್ಲ, ಆದ್ದರಿಂದ ಅದು ನೀರನ್ನು ಬಿಡುವುದೇ ಇಲ್ಲ. ಈ ರಚನೆಯನ್ನು ರಾಡೆರಿಕ್ ಮೆಕಿನನ್ ತಂಡ 1998ರಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಚಾನಲ್ಲಿನಲ್ಲಿ ತೋರಿಸಿತು. 2003ರ ರಸಾಯನಶಾಸ್ತ್ರದ ನೊಬೆಲನ್ನು ಅವರು ನೀರಿನ ಚಾನಲ್ ಕಂಡುಹಿಡಿದ ಪೀಟರ್ ಆಗ್ರೆ ಅವರೊಂದಿಗೆ ಹಂಚಿಕೊಂಡರು.

ಹಲ್ಲು ಕೀಳುವ ಮೊದಲು ಕೊಡುವ ಲಿಡೊಕೇನ್ ಚುಚ್ಚುಮದ್ದು ಸೋಡಿಯಮ್ ಚಾನಲ್ಲನ್ನು ತಡೆಯುತ್ತದೆ, ನೋವಿನ ಸಂಕೇತ ಮುಂದೆ ಸಾಗುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಮಾತ್ರೆ ರಕ್ತನಾಳದ ಸ್ನಾಯುವಿನ ಕ್ಯಾಲ್ಸಿಯಮ್ ಚಾನಲ್ಲನ್ನು ತಡೆದು ನಾಳವನ್ನು ಸಡಿಲಿಸುತ್ತದೆ.

ಅಡಿಕೆಯ ಚಾನಲ್

ವಾಣಿಜ್ಯದಲ್ಲಿ ಬೆಳೆಗಾರನಿಂದ ಬಳಕೆದಾರನವರೆಗಿನ ವಿತರಣಾ ಚಾನಲ್ಲನ್ನು ಶೂನ್ಯ ಹಂತ, ಒಂದು ಹಂತ, ಎರಡು ಹಂತ ಎಂದು ಎಣಿಸುತ್ತಾರೆ. ಎಣಿಸುವುದು ಮಧ್ಯವರ್ತಿಗಳನ್ನು ಮಾತ್ರ. ಬೆಳೆಗಾರನನ್ನೂ ಬಳಕೆದಾರನನ್ನೂ ಸೇರಿಸಬಾರದು. ಬೆಟ್ಟೆ, ರಾಶಿ, ಗೊರಬಲು, ಸರಕು ಎಂದು ವಿಂಗಡಿಸಿದ ಅಡಿಕೆ ಶಿವಮೊಗ್ಗದ ಮಂಡಿಗಾಗಲಿ, ಮ್ಯಾಮ್ಕೋಸ್‌ನಂಥ ಸಹಕಾರ ಸಂಘಕ್ಕಾಗಲಿ ಬಂದು, ಅಲ್ಲಿಂದ ಉತ್ತರ ಭಾರತದ ವ್ಯಾಪಾರಿಗಳಿಗೆ ಹೋಗುತ್ತದೆ. ಅಡಿಕೆ ಒಂದು ದಿಕ್ಕಿಗೆ, ಹಣ ಎದುರು ದಿಕ್ಕಿಗೆ, ಧಾರಣೆಯ ಸುದ್ದಿ ಎರಡೂ ದಿಕ್ಕಿಗೆ ಸಾಗುತ್ತದೆ.

ಗಡಿಯ ಪ್ರಶ್ನೆ ಇಲ್ಲಿ ಒಡೆತನದ ಪ್ರಶ್ನೆಯಾಗುತ್ತದೆ. ಚೇಣಿದಾರ (ತೋಟದ ಫಸಲಿನ ಗುತ್ತಿಗೆ ಹಿಡಿದವನು) ಹಸಿ ಅಡಿಕೆಯನ್ನು ಕೊಯ್ಲು ಮಾಡಿ, ಸುಲಿದು, ಬೇಯಿಸಿ, ಒಪ್ಪಿದಷ್ಟು ಒಣ ಅಡಿಕೆಯನ್ನು ತೋಟದವರಿಗೆ ಮರಳಿ ಕೊಟ್ಟರೆ, ಮಾರುವವರು ತೋಟದವರೇ. ಅವನನ್ನು ಸಂಸ್ಕರಣೆಯ ಸೇವೆ ಕೊಟ್ಟವನೆಂದು ಪರಿಗಣಿಸಬೇಕು. ಅದೇ ಚೇಣಿದಾರ ಫಸಲನ್ನೇ ಕೊಂಡುಕೊಂಡು ತಾನೇ ಮಂಡಿಗೆ ಹಾಕಿದರೆ ಚಾನಲ್ಲಿನಲ್ಲಿ ಒಂದು ಹಂತ ಹೆಚ್ಚಿತು.

ಸರ್ಕಾರಿ ಕಚೇರಿಯ ‘ಪ್ರಾಪರ್ ಚಾನಲ್’ ಎಂದರೆ ಅರ್ಜಿ ಮೇಲಧಿಕಾರಿಗಳ ಮೂಲಕ ಹಂತಹಂತವಾಗಿ ಹೋಗಬೇಕೆಂಬ ನಿಯಮ. ಕೆಲಸದಲ್ಲಿದ್ದುಕೊಂಡೇ ಬೇರೆ ಹುದ್ದೆಗೆ ಅರ್ಜಿ ಹಾಕುವವರು ಇದನ್ನು ಮರೆಯಬಾರದು.

ಕಬ್ಬಿಣದ್ದು, ಪ್ರೋಗ್ರಾಮಿನದು

ಕಬ್ಬಿಣದ ಅಂಗಡಿಯ ಚಾನಲ್ಲಿನಲ್ಲಿ ಏನೂ ಹರಿಯುವುದಿಲ್ಲ. ಒಂದು ನಿಂತ ತಗಡು, ಅದರ ಮೇಲೆ ಕೆಳಗೆ ಒಂದೇ ಬದಿಗೆ ಚಾಚಿದ ಎರಡು ತೋಳು. ಐಎಸ್‌ಎಂಸಿ (ಭಾರತೀಯ ಮಾನಕದ ಮಧ್ಯಮ ತೂಕದ ಚಾನಲ್) 100 ಎಂದರೆ ಎತ್ತರ 100 ಮಿಲಿಮೀಟರ್, ತೋಳು 50 ಮಿಲಿಮೀಟರ್. ಈ ಆಕಾರಕ್ಕೆ ಒಂದು ವಿಶೇಷವಿದೆ: ತಿರುಚಿಕೊಳ್ಳದೆ ಬಾಗಬೇಕಾದರೆ ಭಾರ ಯಾವ ಬಿಂದುವಿನ ಮೂಲಕ ಬೀಳಬೇಕೋ ಆ ಬಿಂದು ಕಬ್ಬಿಣದೊಳಗೆ ಇಲ್ಲ, ನಿಂತ ತಗಡಿನ ಬೆನ್ನ ಹಿಂದೆ ಖಾಲಿ ಜಾಗದಲ್ಲಿದೆ. ಶೆಡ್ಡಿನ ತೊಲೆಗೆ ಎರಡು ಚಾನಲ್‌ಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಜೋಡಿಸಿದರೆ ಆಕಾರ ಎರಡೂ ಬದಿಗೆ ಸಮನಾಗಿ, ಆ ಬಿಂದು ನಡುವಿಗೆ ಬರುತ್ತದೆ, ತಿರುಚುವಿಕೆ ತಪ್ಪುತ್ತದೆ.

ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಚಾನಲ್ಲಿಗೆ ಮೂಲ ಟೋನಿ ಹೋರ್ 1978ರಲ್ಲಿ ಮಂಡಿಸಿದ ವಿಚಾರ. ಒಂದು ಕೆಲಸ ಮೌಲ್ಯವನ್ನು ಹಾಕುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ. ಇಲ್ಲಿ ‘ಸಾಮರ್ಥ್ಯ’ ಎಂಬ ಪದದ ಬಗ್ಗೆ ಎಚ್ಚರ ಬೇಕು: ನಾಲೆಯಲ್ಲಿ ಅದು ಸೆಕೆಂಡಿಗೆ ಘನ ಮೀಟರ್, ಶ್ಯಾನನ್ನನಲ್ಲಿ ಸೆಕೆಂಡಿಗೆ (ಅಥವಾ ಕಳಿಸಿದ ಒಂದು ಚಿಹ್ನೆಗೆ) ಬಿಟ್, ಗೋದಲ್ಲಿ ಕಾಯುತ್ತ ಕೂರಬಹುದಾದ ಮೌಲ್ಯಗಳ ಎಣಿಕೆ ಮಾತ್ರ, ಕಾಲದ ಅಳತೆ ಅದರಲ್ಲಿಲ್ಲ. ಗೋದಲ್ಲಿ ಸಾಮರ್ಥ್ಯ ಸೊನ್ನೆ ಎಂದರೆ ಏನೂ ಸಾಗದು ಎಂದಲ್ಲ. ತೆಗೆದುಕೊಳ್ಳುವವನು ಬರುವವರೆಗೆ ಹಾಕುವವನು ನಿಂತಿರಬೇಕು ಎಂದಷ್ಟೆ. ಯಾರೂ ಬರದೆ ಎಲ್ಲ ಕೆಲಸಗಳೂ ಹೀಗೆ ನಿಂತುಬಿಟ್ಟರೆ ಪ್ರೋಗ್ರಾಮ್ ಡೆಡ್‌ಲಾಕ್ ಎಂದು ಸಾರಿ ನಿಲ್ಲುತ್ತದೆ.

ಅಭ್ಯಾಸಕ್ಕೆ

ಮೊದಲನೆಯದು: ಮೇಲಿನ ಕಾಂಕ್ರೀಟ್ ಕಾಲುವೆಯನ್ನು 4 ಮೀಟರ್ ಅಗಲ, 0.125 ಮೀಟರ್ ಆಳ ಮಾಡಿದರೆ ವೇಗ ಎಷ್ಟು? ವಿಸ್ತೀರ್ಣ ಅಷ್ಟೇ 0.5, ತಾಗಿರುವ ಉದ್ದ 4.25, ಹೈಡ್ರಾಲಿಕ್ ತ್ರಿಜ್ಯ 0.118, ವೇಗ ಸುಮಾರು 0.51. ಕಾಂಕ್ರೀಟ್ ಕಾಲುವೆ ಹುಲ್ಲು ಬೆಳೆದ ಕಾಲುವೆಯ ವೇಗಕ್ಕೇ ಇಳಿಯಿತು.

ಎರಡನೆಯದು: ವೈಫೈನಲ್ಲಿ 4 ಮತ್ತು 9 ಒಂದರ ಮೇಲೊಂದು ಬೀಳುತ್ತವೆಯೇ? ಮಧ್ಯಬಿಂದುಗಳು 2427 ಮತ್ತು 2452, ಅಂತರ 25 ಮೆಗಾಹರ್ಟ್ಸ್, ಬೀಳುವುದಿಲ್ಲ. ಆದರೂ ಈ ಜೋಡಿಯನ್ನು ಆರಿಸದಿರುವುದೇಕೆ? ಅದೇ ಅಂತರದ ಮೂರನೆಯದು 14 ಆಗಬೇಕು, ಅದು ನಮ್ಮ ಪಟ್ಟಿಯಲ್ಲಿಲ್ಲ. ಪಕ್ಕದವರು 1, 6, 11ರಲ್ಲಿದ್ದರೆ 4 ಮತ್ತು 9 ಅವರೆಲ್ಲರ ಮೇಲೂ ಅರ್ಧಂಬರ್ಧ ಬೀಳುತ್ತವೆ.

ಮೂರನೆಯದು: 20 ಮೆಗಾಹರ್ಟ್ಸ್ ಅಗಲ, 24 ಡೆಸಿಬೆಲ್ ಅನುಪಾತ. ಅಡ್ಡದಾರಿಯಲ್ಲಿ 24 ÷ 3 = 8, ಎಂಟು ಗುಣಿಸು ಇಪ್ಪತ್ತು ಎಂದರೆ ಸೆಕೆಂಡಿಗೆ 160 ಮೆಗಾಬಿಟ್. ಪೂರ್ತಿ ಸೂತ್ರದಿಂದ 159.6.